ಮೊಜಾರ್ಟ್‌ಗೆ ಸಿಕ್ಕ ಹೆಸರು ಜಾಸ್ತಿಯಾಯ್ತಾ? ನಿಮ್ಮ ಅನುಭವ ಹೇಳಿ

ಕೇಳಿದವರು:

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಕೇಳಲು ಶುರು ಮಾಡಿ ಆರು ತಿಂಗಳಾಯಿತು. ಬಾಖ್ ಮೊದಲ ವಾರದಲ್ಲೇ ಹಿಡಿಸಿಬಿಟ್ಟರು. ಮೊಜಾರ್ಟ್ ಮಾತ್ರ ಎಷ್ಟು ಕೇಳಿದರೂ ಮನಸ್ಸಿಗೆ ಇಳಿಯುತ್ತಿಲ್ಲ. ಸಿಹಿಯಾಗಿದೆ, ಚೊಕ್ಕವಾಗಿದೆ, ಅಷ್ಟೇ. ಗೆಳೆಯರಲ್ಲಿ ಒಬ್ಬರು ‘ಓವರ್‌ರೇಟೆಡ್, ಬಿಟ್ಟುಬಿಡು’ ಅಂತಾರೆ. ಇನ್ನೊಬ್ಬರು ನನ್ನ ಕಿವಿಯೇ ಇನ್ನೂ ಪಳಗಿಲ್ಲ ಅಂತಾರೆ. ಯೋಗ್ಯತೆಗೆ ಮೀರಿ ಹೆಸರು ಮಾಡಿದ ಕಂಪೋಸರ್‌ಗಳು ನಿಜಕ್ಕೂ ಇದ್ದಾರಾ? ನಿಮಗೆ ಹೀಗೆ ಆದಾಗ ಏನು ಮಾಡಿದಿರಿ?

ವಯೋಲಾ (ವಯಲಿನ್‌ಗಿಂತ ತುಸು ದೊಡ್ಡ ವಾದ್ಯ) ನುಡಿಸುವವರು:

ನೀವು ಮೊಜಾರ್ಟ್ ಹೆಸರು ಬರೆದ ಜಾಗದಲ್ಲಿ ಒಂದು ಕಾಲಕ್ಕೆ ನಾನು ವಿವಾಲ್ಡಿ ಹೆಸರು ಬರೆಯುತ್ತಿದ್ದೆ. ಸುಮಾರು 500 ಕನ್ಸರ್ಟೊ (ಒಂದೋ ಕೆಲವೋ ಮುಖ್ಯ ವಾದ್ಯಗಳು ವಾದ್ಯವೃಂದದ ಜೊತೆ ನುಡಿಸುವ ಕೃತಿ) ಬರೆದವರು. ಎಲ್ಲವೂ ಒಂದೇ ಅಚ್ಚಿನವು ಅಂತ ನಾನು ಖಡಾಖಂಡಿತವಾಗಿ ಹೇಳುತ್ತಿದ್ದೆ. ಅವರ ನಾಲ್ಕು ವಯಲಿನ್ ಕನ್ಸರ್ಟೊಗಳ ಗುಚ್ಛ ‘ನಾಲ್ಕು ಋತುಗಳು’ ಅಂತೂ ಜಾಹೀರಾತಿನಲ್ಲಿ, ಫೋನ್ ಹೋಲ್ಡ್‌ನಲ್ಲಿ, ಲಿಫ್ಟಿನಲ್ಲಿ ಕೇಳಿ ಕೇಳಿ ಸಾಕಾಗಿತ್ತು.

ಆಮೇಲೆ ನಮ್ಮ ಹವ್ಯಾಸಿ ಗುಂಪಿನಲ್ಲಿ ಅದರ ‘ವಸಂತ’ವನ್ನೇ ನುಡಿಸಬೇಕಾಯಿತು. ಎರಡನೇ ಭಾಗದಲ್ಲಿ ಚೆಲ್ಲೋ ಇಲ್ಲ, ಬಾಸ್ ಇಲ್ಲ. ಮುಖ್ಯ ವಯಲಿನ್ ಚಿತ್ರಿಸುವುದು ನಿದ್ದೆ ಹೋದ ಕುರುಬನನ್ನು. ಉಳಿದ ವಯಲಿನ್‌ಗಳು ಅಲುಗಾಡುವ ಎಲೆಗಳು. ಎಲ್ಲರಿಗಿಂತ ಕೆಳಗಿನ ದನಿ ವಯೋಲಾದ್ದು. ಅದಕ್ಕೆ ಎರಡೆರಡೇ ಸ್ವರ, ಕೊನೆಯವರೆಗೂ ಅಷ್ಟೇ. ಮೇಲೆ ಅಷ್ಟು ಮೆಲ್ಲಗೆ ನಡೆಯುತ್ತಿರುವಾಗ ಜೋರಾಗಿ ನುಡಿಸಲು ನನಗೆ ಮನಸ್ಸು ಬರಲಿಲ್ಲ. ಮೃದುವಾಗಿ ಎಳೆದೆ. ಪಕ್ಕದಲ್ಲಿದ್ದವರು ಸ್ವರಲಿಪಿಯ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದರು. ‘ಬೊಗಳುವ ನಾಯಿ’ ಅಂತ ವಿವಾಲ್ಡಿ ಬರೆದಿದ್ದಾರೆ. ಯಾವಾಗಲೂ ತುಂಬಾ ಜೋರಾಗಿ, ಕಿತ್ತೆಳೆದ ಹಾಗೆ ನುಡಿಸಬೇಕು ಅಂತಲೂ ಇದೆ. ಹಾಗೇ ನುಡಿಸಿದೆ. ಕುರುಬನ ನಿದ್ದೆ ಆಗಲೇ ನಿದ್ದೆ ಅನ್ನಿಸಿದ್ದು. 1725ರಲ್ಲಿ ಅಚ್ಚಾದ ಕೃತಿ ಇದು. ಇಷ್ಟು ಧೈರ್ಯ ಅದರಲ್ಲಿದೆ ಅಂತ ಫೋನ್ ಹೋಲ್ಡ್‌ನಲ್ಲಿ ಕೇಳಿದರೆ ಹೇಗೆ ಗೊತ್ತಾಗಬೇಕು?

500ರಲ್ಲಿ ಸಪ್ಪೆಯಾದವೂ ಬೇಕಾದಷ್ಟಿವೆ, ಅದನ್ನು ಈಗಲೂ ಒಪ್ಪುತ್ತೇನೆ. ಆದರೆ ನಿಮಗೆ ಬಾಖ್ ಇಷ್ಟ ಅಂದಿರಲ್ವಾ? ವಿವಾಲ್ಡಿ ನಾಲ್ಕು ವಯಲಿನ್‌ಗಳಿಗೆ ಬರೆದ ಕನ್ಸರ್ಟೊ ಒಂದಿದೆ, ಓಪಸ್ 3 ಅನ್ನುವ ಸಂಕಲನದ ಹತ್ತನೆಯದು. ಅದನ್ನು ಬಾಖ್ ನಾಲ್ಕು ಹಾರ್ಪ್ಸಿಕಾರ್ಡ್‌ಗಳಿಗೆ (ಪಿಯಾನೋಗಿಂತ ಹಳೆಯ ಕೀಲಿ ವಾದ್ಯ) ಹೊಂದಿಸಿ ಬರೆದರು. ಎರಡನ್ನೂ ಒಂದರ ಹಿಂದೆ ಒಂದು ಕೇಳಿ. ಬಾಖ್ ಅದರಲ್ಲಿ ಏನನ್ನು ಮೆಚ್ಚಿದರು ಅಂತ ನಿಮ್ಮ ಕಿವಿಗೇ ಸಿಗುತ್ತದೆ.

ಚೆಲ್ಲೋ ನುಡಿಸುವವರು:

ಕಂಪೋಸರ್ ಬೇರೆ, ಅವರ ಒಂದು ಕೃತಿ ಬೇರೆ. ಪಾಖೆಲ್ಬೆಲ್ ಅವರ ಕ್ಯಾನನ್‌ನಲ್ಲಿ ನಮಗಿರುವುದು ಎಂಟೇ ಸ್ವರ. ಅದನ್ನೇ 28 ಸಲ ನುಡಿಸಬೇಕು. ಮೇಲೆ ಮೂರು ವಯಲಿನ್ ಒಂದೇ ಸ್ವರಸಾಲು ಹಿಡಿದು ಒಂದನ್ನೊಂದು ಹಿಂಬಾಲಿಸುವುದು ಚೆನ್ನಾಗಿಯೇ ಇದೆ. ಆದರೂ ಆ ಕೃತಿಗೆ ಸಿಕ್ಕ ಹೆಸರು ಜಾಸ್ತಿ ಅಂತಲೇ ನನ್ನ ಅಭಿಪ್ರಾಯ. ಅದರಿಂದ ಅನ್ಯಾಯ ಆಗಿರುವುದು ಅವರಿಗೇ. ಅವರು ಆರ್ಗನ್‌ಗೆ ಬರೆದದ್ದನ್ನು ಯಾರೂ ಕೇಳುವುದಿಲ್ಲ.

ಪಿಯಾನೋ ಕಲಿಯುತ್ತಿರುವವರು:

ಮೊಜಾರ್ಟ್ ಬಗ್ಗೆ ನೇರವಾಗಿ ಹೇಳುತ್ತೇನೆ. ನಿಮ್ಮ ಕಿವಿಯಲ್ಲಿ ದೋಷ ಇಲ್ಲ. ಅವರ ಕೃತಿಗಳ ಪಟ್ಟಿ 626ರವರೆಗೆ ಹೋಗುತ್ತದೆ. ಬದುಕಿದ್ದು ಬರೀ 35 ವರ್ಷ. ಹುಡುಗನಾಗಿದ್ದಾಗ ಬರೆದವು, ಔತಣ ಸಮಾರಂಭಗಳಿಗೆ ಬರೆದವು ಎಲ್ಲವೂ ಅದರಲ್ಲಿವೆ. ಅವುಗಳಲ್ಲಿ ಎಷ್ಟೋ ನಿಜವಾಗಿಯೂ ಸಿಹಿ, ಚೊಕ್ಕ, ಅಷ್ಟೇ. ಅದನ್ನೆಲ್ಲ ಮಹಾನ್ ಅಂತ ಒಪ್ಪಿಕೊಳ್ಳಬೇಕಾಗಿಲ್ಲ.

ನನಗೆ ಮೊದಲು ಕಲಿಸಿದ್ದು ಕೆ. 545 ಪಿಯಾನೋ ಸೊನಾಟಾ (ಕೆ. ಅಂದರೆ ಆ ಪಟ್ಟಿಯ ಸಂಖ್ಯೆ). ಆರಂಭದವರಿಗೆ ಅಂತ ಅವರೇ ಗುರುತು ಹಾಕಿದ್ದು. ಸಿ ಮೇಜರ್, ಬಿಳಿ ಕೀಲಿಗಳೇ ಜಾಸ್ತಿ. ಎರಡು ವಾರದಲ್ಲಿ ಮುಗಿಸಿದೆ ಅಂದುಕೊಂಡೆ. ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿದರೆ ಎಡಗೈ ಕುಂಟುತ್ತಿತ್ತು. ಬಲಗೈ ಓಟದಲ್ಲಿ ನಾಲ್ಕನೇ ಬೆರಳು ಬಂದ ಕಡೆಯೆಲ್ಲ ಸ್ವರ ಕುಗ್ಗುತ್ತಿತ್ತು. ಸ್ವರಗಳು ಕಡಿಮೆ ಇರುವುದರಿಂದ ಬಚ್ಚಿಡಲು ಜಾಗವೇ ಇಲ್ಲ. ಇದನ್ನು ಬರೆದದ್ದು 1788ರಲ್ಲಿ. ಅದೇ ಬೇಸಿಗೆಯಲ್ಲಿ ಕೊನೆಯ ಮೂರು ಸಿಂಫನಿಗಳನ್ನೂ ಬರೆದರು.

ನೀವು ಕೆ. 488 ಪಿಯಾನೋ ಕನ್ಸರ್ಟೊದ ಎರಡನೇ ಭಾಗದಿಂದ ಹೊಸದಾಗಿ ಶುರು ಮಾಡಿ. ಪಿಯಾನೋ ಒಂದೇ ಶುರುವಾಗುತ್ತದೆ. ಕೊನೆಯ ಹತ್ತಿರ ಉಳಿದವರು ತಂತಿಯನ್ನು ಬೆರಳಿನಿಂದ ಮೀಟುತ್ತಾರೆ. ಪಿಯಾನೋದಲ್ಲಿ ಒಂದೊಂದೇ ಸ್ವರ, ನಡುವೆ ದೊಡ್ಡ ದೊಡ್ಡ ಅಂತರ. ಅಲ್ಲಿ ಸಿಹಿ ಇಲ್ಲ. ಆಮೇಲೆ ಐದು ತಂತಿ ವಾದ್ಯಗಳ ಜಿ ಮೈನರ್ ಕ್ವಿಂಟೆಟ್, ಕೆ. 516.

ಒಪೆರಾ ಕೇಳುವವರು:

ಎಲ್ಲರೂ ‘ಯಾರೂ ಓವರ್‌ರೇಟೆಡ್ ಅಲ್ಲ’ ಅನ್ನುವ ಕಡೆಗೇ ವಾಲುತ್ತಿದ್ದೀರಿ. ನಾನು ಒಪ್ಪುವುದಿಲ್ಲ. ನನ್ನ ಮಟ್ಟಿಗೆ ವಾಗ್ನರ್‌ಗೆ ಸಿಕ್ಕ ಹೊಗಳಿಕೆ ಜಾಸ್ತಿ. ಸುಮ್ನೆ ಹೇಳುತ್ತಿಲ್ಲ. ಅವರ ‘ರಿಂಗ್’ ಸರಣಿಯ ನಾಲ್ಕೂ ಒಪೆರಾಗಳನ್ನು ಅನುವಾದ ಮುಂದಿಟ್ಟುಕೊಂಡು ಎರಡು ಸಲ ಪೂರ್ತಿ ಕೇಳಿದ್ದೇನೆ. ಒಂದು ಸಲಕ್ಕೆ ಸುಮಾರು 15 ಗಂಟೆ. ಕಥೆಯ ಸಾಹಿತ್ಯವನ್ನು ಅವರು ಕೊನೆಯ ಒಪೆರಾದಿಂದ ಹಿಂದಕ್ಕೆ ಬರೆಯುತ್ತಾ ಹೋದರು. ಹಾಗಾಗಿ ನಾವು ಕಣ್ಣಾರೆ ನೋಡಿದ ಕಥೆಯನ್ನೇ ಪಾತ್ರಗಳು ಮತ್ತೆ ಮತ್ತೆ ಕುಳಿತು ಹೇಳುತ್ತವೆ. ಎರಡನೇ ಸಲ ಕೇಳಿದಾಗಲೂ ಆ ಭಾಗಗಳು ನನಗೆ ಭಾರವಾಗಿಯೇ ಇದ್ದವು.

ಅವರದೇ ಇನ್ನೊಂದು ಒಪೆರಾ ‘ಟ್ರಿಸ್ಟಾನ್’ ವಿಷಯ ಬೇರೆ. ಮೊದಲ ಸಾಲುಗಳಲ್ಲೇ ಒಂದು ತವಕ ಹುಟ್ಟುತ್ತದೆ. ಅದು ತೀರುವುದು ಒಪೆರಾದ ಕೊನೆಯ ಕ್ಷಣದಲ್ಲಿ. ಅದಕ್ಕೆ ತಲೆಬಾಗುತ್ತೇನೆ.

ಇನ್ನೊಬ್ಬರು:

ಹಿಡಿಸದಿದ್ದರೆ ಅಪರಾಧ ಏನಲ್ಲ. ರಷ್ಯಾದ ಕಂಪೋಸರ್ ಚೈಕೋವ್‌ಸ್ಕಿಗೆ ಮೊಜಾರ್ಟ್ ಅಂದರೆ ಪ್ರಾಣ. ಅದೇ ಕಾಲದ ಇನ್ನೊಬ್ಬ ಕಂಪೋಸರ್ ಬ್ರಾಮ್ಸ್ ಸಂಗೀತ ಮಾತ್ರ ಆಗುತ್ತಿರಲಿಲ್ಲ, ದಿನಚರಿಯಲ್ಲಿ ಕಟುವಾಗಿ ಬರೆದುಕೊಂಡಿದ್ದಾರೆ. 1888ರಲ್ಲಿ ಲೈಪ್‌ಜಿಗ್‌ನಲ್ಲಿ ಇಬ್ಬರೂ ಭೇಟಿಯಾದರು. ಮನುಷ್ಯ ಹಿಡಿಸಿದರು, ಸಂಗೀತ ಹಿಡಿಸಲಿಲ್ಲ. ಆರು ತಿಂಗಳಿಗೇ ಯಾಕೆ ತೀರ್ಪು? ಮೊಜಾರ್ಟ್‌ರನ್ನು ಸ್ವಲ್ಪ ದಿನ ಪಕ್ಕಕ್ಕಿಡಿ.

ಕೇಳಿದವರು:

ಎಲ್ಲರಿಗೂ ತುಂಬಾ ಧನ್ಯವಾದ. ಪಕ್ಕಕ್ಕಿಡುವ ಮೊದಲು ಕೆ. 488ರ ಎರಡನೇ ಭಾಗ ನಿನ್ನೆ ರಾತ್ರಿ ಕೇಳಿದೆ. ಆ ಒಂಟಿ ಸ್ವರಗಳ ಹತ್ತಿರ ನಿಲ್ಲಿಸಿ, ಹಿಂದಕ್ಕೆ ಹೋಗಿ, ಮತ್ತೆ ಕೇಳಿದೆ. ಹೀಗೆ ಮೂರು ಸಲ. ಅದರ ಹಿಂದಿನ ಮೊದಲ ಭಾಗ ಮಾತ್ರ ಈಗಲೂ ನನಗೆ ಚೊಕ್ಕ ಅಷ್ಟೇ. ಇವತ್ತು ಕ್ವಿಂಟೆಟ್ ಹಾಕುತ್ತೇನೆ.