ವಾರದ ಇಂಪ್ರೊವ್ ಕ್ಲಾಸಿಗೆ ಹೊಸಬರೂ ಹಳಬರೂ ಒಟ್ಟಿಗೆ ಬಂದರೆ ಹೇಗೆ ನಡೆಸೋದು?

ಖಾಲಿ_ಕುರ್ಚಿ

ಬೆಂಗಳೂರಿನಲ್ಲಿ ಭಾನುವಾರ ಸಂಜೆ ಎರಡು ಗಂಟೆ ಹೊತ್ತು ನಡೆಯೋ ಕನ್ನಡ ಇಂಪ್ರೊವ್ (ಬರೆದಿಟ್ಟ ಮಾತಿಲ್ಲದೆ ಅಲ್ಲಲ್ಲೇ ಕಟ್ಟಿ ಆಡೋ ನಾಟಕ) ಕ್ಲಾಸ್. ವಾರಕ್ಕೆ ಹೆಚ್ಚುಕಮ್ಮಿ 14 ಜನ. ಆರು ಜನ ಒಂದು ವರ್ಷದಿಂದ ತಪ್ಪದೆ ಬರ್ತಿರೋರು. ಮಿಕ್ಕ ಎಂಟು ಜನ ವಾರವಾರ ಬದಲಾಗ್ತಾರೆ, ಅದರಲ್ಲಿ ಮೂರ್ನಾಲ್ಕು ಜನಕ್ಕೆ ಅವತ್ತೇ ಮೊದಲ ದಿನ. ಹಾಲ್ ಚಿಕ್ಕದು, ಹೇಳಿಕೊಡೋದು ಒಬ್ಬರೇ.

ಎಡವಟ್ಟಾಗ್ತಿರೋದು ಮೂರು ಕಡೆ. ವಾರ್ಮ್-ಅಪ್ ಶುರುವಾದರೆ ಹಳಬರ ಮುಖ ನೋಡೋಕಾಗಲ್ಲ, ವೃತ್ತದಲ್ಲಿ ನಿಂತು ಒಬ್ಬರಿಂದೊಬ್ಬರಿಗೆ ಪದ ದಾಟಿಸೋ ಅದೇ ಝಿಪ್-ಝ್ಯಾಪ್-ಝಾಪ್ ಐವತ್ತನೇ ಸಲ. ಸೀನಿಗೆ ಬಂದರೆ ಉಲ್ಟಾ: ಹಳಬರು ಎಳ್ಕೊಂಡು ಹೋಗ್ತಾರೆ, ಹೊಸಬರು ಹಿಂದೆ ಹಿಂದೆ ನಡೀತಾರೆ. ಹೊಸಬರಿಬ್ಬರನ್ನೇ ಬಿಟ್ಟರೆ ಪೊಲೀಸ್ ವಿಚಾರಣೆ: "ಯಾರು ನೀವು?" "ಇಲ್ಲೇನ್ ಮಾಡ್ತಿದೀರ?" "ನೀವ್ಯಾಕೆ ಕೇಳ್ತಿದೀರ?" ಮೂರನೇದು, ಇಂಗ್ಲಿಷ್ ಪುಸ್ತಕದ ಆಟಗಳು ಕೆಲವು ಕನ್ನಡಕ್ಕೆ ಬಂದ ಕೂಡಲೇ ಕಾಲು ಮುರ್ಕೊಳ್ತವೆ. ಒಬ್ಬೊಬ್ಬರು ಒಂದೊಂದು ಪದ ಹೇಳಿ ಕಥೆ ಕಟ್ಟೋದು, ಎ-ಬಿ-ಸಿ-ಡಿ ಸೀನು (ಪ್ರತಿ ಮಾತೂ ಮುಂದಿನ ಅಕ್ಷರದಿಂದ ಶುರುವಾಗಬೇಕು), ಇವೆರಡಂತೂ ಪ್ರತಿ ಸಲ ಮುಗ್ಗರಿಸ್ತವೆ. ಎರಡು ಬ್ಯಾಚ್ ಮಾಡುವಷ್ಟು ಜನ ಇಲ್ಲ, ಎರಡು ಸಲ ಹಾಲ್ ಬಾಡಿಗೆ ಕಟ್ಟುವಷ್ಟು ದುಡ್ಡೂ ಇಲ್ಲ. ಏನು ಬದಲಾಯಿಸಬೇಕು?

ಪಡಸಾಲೆ

ಎರಡು ಬ್ಯಾಚ್ ಬೇಕಿಲ್ಲ. ಆಟ ಎಲ್ಲರಿಗೂ ಒಂದೇ ಇರಲಿ, ಹೊರೆ ಮಾತ್ರ ಬೇರೆ ಬೇರೆ ಇರಲಿ.

ಮೊದಲು ಲೆಕ್ಕ ನೋಡಿ. ಒಂದು ಸೀನ್ ಎರಡೂವರೆ ನಿಮಿಷ, ಅದರ ಮೇಲೆ ಮಾತು, ಜೋಡಿ ಬದಲಾವಣೆ ಎಲ್ಲ ಸೇರಿ ಒಂದು ನಿಮಿಷ. 45 ನಿಮಿಷಕ್ಕೆ 12 ಸೀನ್, ಅಂದರೆ 24 ಜನಕ್ಕೆ ಜಾಗ. 14 ಜನ ಇದ್ದಾಗ ತಲೆಗೆ ಎರಡೂ ಬರಲ್ಲ. ಎರಡು ಗಂಟೆ ಬಂದು ಐದು ನಿಮಿಷ ಆಡಿದವರು ಮುಂದಿನ ವಾರ ಬರಲ್ಲ. ಹಾಗಾಗಿ ವೇದಿಕೆಗೆ ಹತ್ತಿಸುವ ಮುಂಚೆ ಏಳು ಜೋಡಿಯೂ ಏಕಕಾಲಕ್ಕೆ ಹಾಲ್ ತುಂಬ ಆಡಲಿ. ಗದ್ದಲ ಆಗುತ್ತೆ, ಆಗಲಿ. ಯಾರೂ ನೋಡ್ತಿಲ್ಲ ಅನ್ನೋದೇ ಹೊಸಬರಿಗೆ ದೊಡ್ಡ ಧೈರ್ಯ. ಒಂದೊಂದು ನಿಮಿಷಕ್ಕೆ ಚಪ್ಪಾಳೆ ತಟ್ಟಿ ಜೋಡಿ ಬದಲಾಯಿಸಿ. ಹತ್ತು ನಿಮಿಷದಲ್ಲಿ ಎಲ್ಲರೂ ಎಂಟೊಂಬತ್ತು ಸೀನ್ ಆಡಿರ್ತಾರೆ, ಅರ್ಧ ಜನದ ಹೆಸರೂ ಗೊತ್ತಾಗಿರುತ್ತೆ.

ಹಳಬರಿಗೆ ಗುಟ್ಟಿನ ಚೀಟಿ ಕೊಡಿ. ಕ್ಲಾಸಿಗೆ ಬಂದ ತಕ್ಷಣ ಒಂದೊಂದು ಚೀಟಿ ಎತ್ತಬೇಕು, ಅವತ್ತು ಪೂರ್ತಿ ಅದೇ ಕಟ್ಟು. ಕೆಲಸಕ್ಕೆ ಬರುವಂಥವು: ಸೀನ್ ನೀವು ಶುರು ಮಾಡುವ ಹಾಗಿಲ್ಲ. ಎದುರಿನವರ ಮಾತಿನ ಕೊನೆಯ ಪದದಿಂದಲೇ ನಿಮ್ಮ ಮಾತು ಶುರುವಾಗಬೇಕು. ಇಡೀ ಸೀನ್ ಕೈಯಲ್ಲಿ ಒಂದೇ ಕೆಲಸ (ಹೂ ಕಟ್ಟೋದು, ಅವರೆಕಾಳು ಬಿಡಿಸೋದು), ಅದರ ಬಗ್ಗೆ ಒಂದು ಮಾತೂ ಆಡಬಾರದು. ಒಂದು ಸಲಕ್ಕೆ ಐದು ಪದಕ್ಕಿಂತ ಹೆಚ್ಚಿಲ್ಲ. ಈ ಕೊನೇದು ಶಿಕ್ಷೆ ಅನಿಸುತ್ತೆ, ಅಲ್ಲ. ಕನ್ನಡದಲ್ಲಿ ಐದು ಪದ ಬೇಕಾದಷ್ಟಾಯ್ತು. "ನಾಳೆಯಿಂದ ಅಂಗಡಿಗೆ ಬರೋದು ಬೇಡ, ನಂಜಪ್ಪ." ಯಾರು, ಎಲ್ಲಿ, ಏನಾಯ್ತು, ಮೂರೂ ಬಂತು. ಎಳೆದಾಡೋ ಹಳಬರಿಗೆ ನಾಲ್ಕು ವಾರ ಇದನ್ನೇ ಕೊಡಿ.

ವಿಚಾರಣೆ ಸೀನಿಗೆ ಮದ್ದು "ಪ್ರಶ್ನೆ ಕೇಳಬೇಡಿ" ಅನ್ನೋ ನಿಯಮ ಅಲ್ಲ. ಹಾಗಂದ ಕೂಡಲೇ ಹೊಸಬರು ಬಾಯಿಯೇ ಬಿಡಲ್ಲ. ಮೊದಲ ಮಾತಿನಲ್ಲಿ ಎರಡು ಇರಲೇಬೇಕು ಅನ್ನಿ: ಎದುರಿನವರನ್ನ ಕರೆಯೋ ಒಂದು ಪದ, ಮತ್ತೆ ಒಂದು ವಸ್ತು. "ಅತ್ತಿಗೆ, ಕುಕ್ಕರಿನ ಗ್ಯಾಸ್ಕೆಟ್ ಎಲ್ಲಿ ಬಚ್ಚಿಟ್ರಿ?" ಇದೂ ಪ್ರಶ್ನೆಯೇ. ಆದರೆ ಸಂಬಂಧ ಬಂತು, ಅಡುಗೆಮನೆ ಬಂತು, ಅತ್ತಿಗೆ ಬೇಕಂತಲೇ ಬಚ್ಚಿಟ್ಟಿದ್ದಾಳೆ ಅನ್ನೋದೂ ಬಂತು. ಕೆಟ್ಟದ್ದು ಖಾಲಿ ಪ್ರಶ್ನೆ ಮಾತ್ರ. ನಮ್ಮಲ್ಲಿ ಭಾವ, ಷಡ್ಕ, ಚಿಕ್ಕಮ್ಮ, ನಾದಿನಿ, ಬೀಗರು ಅಂತ ಕರೆಯೋ ಪದ ಎಷ್ಟಿವೆ! ಒಂದೊಂದಕ್ಕೂ ಹಿಂದೆ ಒಂದು ಜಗಳ ರೆಡಿ ಇರುತ್ತೆ.

ಅಭ್ಯಾಸಕ್ಕೆ ಎರಡು ಸಾಲು ನಿಲ್ಲಿಸಿ. ಆ ಕಡೆಯಿಂದ ಒಬ್ಬರು, ಈ ಕಡೆಯಿಂದ ಒಬ್ಬರು ಮಧ್ಯಕ್ಕೆ ಬರಬೇಕು. ಒಬ್ಬರದು ಒಂದು ಮಾತು, ಇನ್ನೊಬ್ಬರದು ಒಂದು ಮಾತು, ಚಪ್ಪಾಳೆ, ಮುಂದಿನವರು. ಮೂರನೇ ಮಾತಿಗೆ ಬಿಡಬೇಡಿ. ಜೋಡಿಗೆ 20 ಸೆಕೆಂಡ್ ಹಿಡಿದರೂ ಏಳೆಂಟು ನಿಮಿಷದಲ್ಲಿ ಪ್ರತಿಯೊಬ್ಬರಿಗೂ ಮೂರು ಸಲ ಸಿಗುತ್ತೆ.

ವಾರ್ಮ್-ಅಪ್ಪಿಗೆ ಅನುಭವದಿಂದ ಲಾಭ ಆಗದ ಆಟ ಹುಡುಕಿ. ವೃತ್ತದಲ್ಲಿ ಕಣ್ಣು ಮುಚ್ಚಿ 1ರಿಂದ 20ರವರೆಗೆ ಎಣಿಸೋದು: ಯಾರು ಬೇಕಾದರೂ ಮುಂದಿನ ಅಂಕಿ ಹೇಳಬಹುದು, ಇಬ್ಬರು ಒಟ್ಟಿಗೆ ಹೇಳಿದರೆ ಮತ್ತೆ ಒಂದರಿಂದ. ಇದರಲ್ಲಿ ವರ್ಷದವರಿಗೂ ಇವತ್ತಿನವರಿಗೂ ವ್ಯತ್ಯಾಸ ಇಲ್ಲ. ನಾಲ್ಕು ನಿಮಿಷಕ್ಕೆ ನಿಲ್ಲಿಸಿ, 20 ಮುಟ್ಟದಿದ್ದರೂ ಪರವಾಗಿಲ್ಲ.

ಕೊನೆಯ 35 ನಿಮಿಷ ಹಳಬರಿಗೆ ಮೀಸಲಿಡಿ. ಆರು ಜನ ಇದ್ದಾರಲ್ಲ, ಹಲವು ಸೀನ್ ಹೆಣೆದು ಆಡುವ ಉದ್ದದ ಇಂಪ್ರೊವ್ ಆಟ ಹೆರಾಲ್ಡ್‌ಗೆ ಸಾಕು. ಒಂದು ಪದದಿಂದ ಓಪನಿಂಗ್, ಮೂರು ಬೇರೆ ಬೇರೆ ಸೀನ್, ಎಲ್ಲರೂ ಸೇರಿ ಒಂದು ಆಟ, ಅವೇ ಮೂರರ ಎರಡನೇ ಸುತ್ತು, ಇನ್ನೊಂದು ಆಟ, ಮೂರನೇ ಸುತ್ತಿನಲ್ಲಿ ಎಲ್ಲ ಒಂದಕ್ಕೊಂದು ಸುತ್ತಿಕೊಳ್ಳೋದು. ಅಮೆರಿಕದ ಇಂಪ್ರೊವ್ ಗುರು ಡೆಲ್ ಕ್ಲೋಸ್ 1967ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇದಕ್ಕೆ ರೂಪ ಕೊಟ್ಟಿದ್ದು, ಬೆಳೆದಿದ್ದು ಆಮೇಲೆ ಶಿಕಾಗೋದಲ್ಲಿ. ಮೊದಲ ಸುತ್ತು ತಲಾ ಮೂರು ನಿಮಿಷ, ಎರಡನೇದು ಎರಡು, ಮೂರನೇದು ಒಂದೇ. ಮೊದಲ ಸುತ್ತನ್ನ ಐದೈದು ನಿಮಿಷ ಎಳೆದರೆ ಕೊನೆಗೆ ಸುತ್ತಿಕೊಳ್ಳೋಕೆ ಯಾರಲ್ಲೂ ಉಸಿರಿರಲ್ಲ.

ಬೆಲ್_ಹೊಡಿ

ಬಾಕಿ ಎಲ್ಲ ಸರಿ, ಆ ಕೊನೆಯ 35 ನಿಮಿಷಕ್ಕೆ ನನ್ನ ತಕರಾರಿದೆ. ದುಡ್ಡು ಕೊಟ್ಟು ಬಂದ ಎಂಟು ಜನ ಗೋಡೆಗೊರಗಿ ಕೂತ್ಕೊಂಡು ಬೇರೆಯವರ ಆಟ ನೋಡಬೇಕಾ? ಅವರ ಕೈಗೆ ಎಡಿಟ್ ಕೊಡಿ. ಸೀನ್ ಎಲ್ಲಿ ಮುಗೀಬೇಕು ಅನಿಸುತ್ತೋ ಅಲ್ಲಿ ಅವರೇ ಚಪ್ಪಾಳೆ ತಟ್ಟಲಿ. ಮೊದಲ ದಿನ ತುಂಬಾ ತಡವಾಗಿ ತಟ್ತಾರೆ, ಎರಡನೇ ವಾರಕ್ಕೆ ನಗು ಏರಿದ ಜಾಗಕ್ಕೇ ಬರ್ತಾರೆ. ಮುಗಿಸೋದು ಯಾವಾಗ ಅಂತ ಕಲಿಯೋಕೆ ಇದಕ್ಕಿಂತ ಒಳ್ಳೇ ದಾರಿ ಇಲ್ಲ.

ಫ್ರೀಝ್ ಆಟವನ್ನ (ಫ್ರೀಝ್ ಅಂದಾಗ ಆಡೋರು ಹಾಗೇ ನಿಲ್ತಾರೆ, ಪಕ್ಕದವರು ಒಬ್ಬರ ಜಾಗಕ್ಕೆ ಹೋಗಿ ಅದೇ ಭಂಗಿಯಿಂದ ಹೊಸ ಸೀನ್ ಶುರು ಮಾಡ್ತಾರೆ) ಹೊಸಬರಿಗೆ ಆಡಿಸಬೇಡಿ. ಪಕ್ಕದಲ್ಲಿ ನಿಂತವರು ಸೀನ್ ಕೇಳಲ್ಲ, ಯಾವ ಭಂಗಿಗೆ ಯಾವ ಜೋಕು ಅಂತ ಲೆಕ್ಕ ಹಾಕ್ತಿರ್ತಾರೆ. ಬೇಕಿದ್ದರೆ ಹಳಬರಿಗೆ, ಅದೂ ಬೆನ್ನು ತಿರುಗಿಸಿ ನಿಲ್ಲಿಸಿ. ಫ್ರೀಝ್ ಅನ್ನೋದು ಟೀಚರು, ಒಳಗೆ ಹೋಗೋರ ಹೆಸರು ಹೇಳೋದೂ ಟೀಚರೇ.

ಗುರುಲಘು

ಮೂರನೇ ಪ್ರಶ್ನೆಗೆ ಬರ್ತೀನಿ. ಆಟ ಮುಗ್ಗರಿಸೋದು ಆಡುವವರಿಂದಲ್ಲ, ವ್ಯಾಕರಣದಿಂದ.

ಇಂಗ್ಲಿಷಿನಲ್ಲಿ ಒಂದೊಂದೇ ಪದ ಹೇಳುವಾಗ ದಿ, ಆಫ್, ವಾಸ್ ಅಂತ ಭಾರವಿಲ್ಲದ ಪದ ಬೇಕಾದಷ್ಟು. ಹತ್ತು ಜನದಲ್ಲಿ ಐದು ಜನಕ್ಕೆ ಅದೇ ಬರುತ್ತೆ, ಉಸಿರಾಡೋಕೆ ಸಮಯ ಸಿಗುತ್ತೆ. ಕನ್ನಡದಲ್ಲಿ ವಿಭಕ್ತಿ ನಾಮಪದಕ್ಕೇ ಅಂಟಿರುತ್ತೆ, ಹಾಗಾಗಿ ಪ್ರತಿ ಪದವೂ ತುಂಬಿದ ಕೊಡ. ಮೇಲಾಗಿ ಕ್ರಿಯಾಪದ ಕೊನೆಗೆ. ವಾಕ್ಯದ ಅರ್ಥವೆಲ್ಲ ಕೊನೆಯವರ ಕೊರಳಿಗೆ. ಅವರು ಹೆದರಿ ಮುಗಿಸೋದೇ ಇಲ್ಲ: "ರಾಜ ಎದ್ದು, ಮುಖ ತೊಳೆದು, ಕಾಫಿ ಕುಡಿದು, ಪೇಪರ್ ಓದಿ..." ರಾಜ ಸಂಜೆಯಾದರೂ ಏನೂ ಮಾಡಿರಲ್ಲ.

ಸರಿಪಡಿಸೋದು ಹೀಗೆ. ಒಂದು ವಾಕ್ಯಕ್ಕೆ ನಾಲ್ಕೇ ತುಂಡು, ನಾಲ್ಕನೇದು ಕಡ್ಡಾಯವಾಗಿ ಪೂರ್ಣ ಕ್ರಿಯಾಪದ. "ಪೂಜಾರಪ್ಪ / ಬೆಳಗ್ಗೆ ಬೆಳಗ್ಗೆ / ಗಂಟೆಯನ್ನ / ನುಂಗಿದ." ತುಂಡು ಒಂದು ಪದವಾಗಲಿ, ಎರಡಾಗಲಿ. ಗುಂಪಿನಲ್ಲಿ ನಾಲ್ಕು ಜನ ಮಾತ್ರ ಇರಬಾರದು. ಇದ್ದರೆ ಪ್ರತಿ ಸಲ ಕ್ರಿಯಾಪದ ಒಬ್ಬರಿಗೇ ಬೀಳುತ್ತೆ. ಮೂವರೋ ಐವರೋ ಇದ್ದರೆ ಅದು ತಾನಾಗಿ ಸುತ್ತು ಹೊಡೆಯುತ್ತೆ. ಐವರಲ್ಲಿ ಮೊದಲ ವಾಕ್ಯಕ್ಕೆ 4ನೆಯವರು, ಆಮೇಲೆ 3, 2, 1, 5. ನಿಮ್ಮ 14 ಜನಕ್ಕೆ ಐವರದ್ದು ಒಂದು ಗುಂಪು, ಮೂವರದ್ದು ಮೂರು.

ಎ-ಬಿ-ಸಿ-ಡಿ ಬದಲು ವರ್ಣಮಾಲೆ ಹಿಡಿದರೂ ಕಷ್ಟವೇ. ಣ, ಳ ಅಕ್ಷರದಿಂದ ಪದ ಶುರುವಾಗಲ್ಲ. ಙ, ಞ ಕೇಳಲೇಬೇಡಿ. ಕಾಗುಣಿತ ತಗೊಳ್ಳಿ. ವಿಸರ್ಗ ಬಿಟ್ಟರೆ 14 ಮಾತು, ಎರಡು ನಿಮಿಷದ ಸೀನಿಗೆ ಹೇಳಿ ಮಾಡಿಸಿದ್ದು. ಮ ಅಂತೂ ಚಿನ್ನ: ಮಗಾ, ಮಾವ, ಮಿಕ್ಸಿ, ಮೀನು, ಮುಚ್ಚು, ಮೂರು, ಮೃಗ, ಮೆಣಸು, ಮೇಲೆ, ಮೈ, ಮೊನ್ನೆ, ಮೋಸ, ಮೌನ, ಮಂಗ. ಕ, ಸ, ಪ ಕೂಡ ನಡೆಯುತ್ತೆ. ಟ, ಡ, ಲ ಬೇಡ, 'ಋ' ಕಾರಕ್ಕೆ ಬಂದಾಗ ಸೀನ್ ಸಾಯುತ್ತೆ. ಅಂತ್ಯಾಕ್ಷರಿ ಸೀನೂ ಬೇಡ. ನಮ್ಮ ಮಾತು ಮುಗಿಯೋದೇ ತೆ, ರೆ, ದೆ, ಲ್ಲ ಅಂತ, ನಾಲ್ಕೇ ಅಕ್ಷರದಲ್ಲಿ ಸುತ್ತಾಡ್ತಾ ಇರಬೇಕಾಗುತ್ತೆ.

ಕನ್ನಡ ಆಡುವವರಿಗೆ ಪುಕ್ಕಟೆ ಸಿಕ್ಕಿರೋದು ನೀನು-ನೀವು. ಇಂಪ್ರೊವ್ ಗುರು ಕೀತ್ ಜಾನ್‌ಸ್ಟನ್ ಸ್ಟೇಟಸ್ ಅಂತ ಕಲಿಸಿದ್ದು, ಅಂದರೆ ಯಾರು ಮೇಲೆ ಯಾರು ಕೆಳಗೆ ಅನ್ನೋದು, ನಮಗೆ ಕ್ರಿಯಾಪದದ ಬಾಲದಲ್ಲೇ ಇದೆ. ಬಾಡಿಗೆದಾರ, ಮನೆ ಓನರು:

"ಸಾರ್, ಈ ತಿಂಗಳ ಬಾಡಿಗೆ ಸ್ವಲ್ಪ ತಡ ಆಗುತ್ತೆ."
"ಎಷ್ಟು ದಿನ ಅಂತ ಹೇಳಪ್ಪಾ."
"ನೀವು ಮೋಟ್ರು ರಿಪೇರಿ ಮಾಡಿಸಿದ ದಿನ ಕೊಡ್ತೀನಿ, ಸಾರ್."
"ಏನಂದೆ?"
"ಮಾಡಿಸು ಅಂದೆ."

'ಮಾಡಿಸಿ' ಹೋಗಿ 'ಮಾಡಿಸು' ಆಯ್ತು, ಅಷ್ಟೇ. ಹಾಲ್ ನಿಶ್ಶಬ್ದ ಆಗುತ್ತೆ, ಆಮೇಲೆ ನಗು. ಆಡಿಸುವಾಗ ಕಟ್ಟು ಮೂರು: ಬದಲಾವಣೆ ಒಂದೇ ಸಲ, ಒಂದು ನಿಮಿಷ ಕಳೆದ ಮೇಲೆ, ದನಿ ಏರಿಸದೆ. ದನಿ ಏರಿತೋ, ಬರೀ ಬೈಗುಳದ ಸೀನ್ ಆಗುತ್ತೆ. ಇದರ ಉಲ್ಟಾ ತೊಂದರೆಯೂ ಇದೆ. ಅಪರಿಚಿತರು ಮರ್ಯಾದೆಗೆ ಸೀನೊಳಗೂ ನೀವು ಅಂತಲೇ ಇರ್ತಾರೆ, ಬಾಲ್ಯದ ಗೆಳೆಯರ ಪಾತ್ರದಲ್ಲೂ. "ಸೀನೊಳಗೆ ನೀನು ಅಂದರೆ ಅದು ಪಾತ್ರಕ್ಕೆ" ಅಂತ ಕ್ಲಾಸ್ ಶುರುವಲ್ಲೇ ಹೇಳಿಬಿಡಿ.

ಚಂಡೆಮದ್ದಳೆ

ಈ ವಿದ್ಯೆ ನಮ್ಮ ಕಡೆ ಹೊಸತೇನಲ್ಲ, ತಾಳಮದ್ದಳೆಯ ಅರ್ಥಧಾರಿ ಮಾಡುವುದು ಇದನ್ನೇ. ವೇಷ ಇಲ್ಲ, ಕುಣಿತ ಇಲ್ಲ, ಕುಳಿತಲ್ಲೇ ಮಾತು. ಭಾಗವತರು ಪದ್ಯ ಹೇಳುತ್ತಾರೆ, ಅದರ ಮೇಲೆ ಅರ್ಥಧಾರಿ ಆಶುವಾಗಿ ಮಾತು ಕಟ್ಟುತ್ತಾನೆ. ವಾಲಿ ಎಷ್ಟು ಚೆನ್ನಾಗಿ ವಾದ ಮಾಡಿದರೂ ಕೊನೆಗೆ ಸಾಯಲೇಬೇಕು. ದಾರಿ ಸ್ವತಂತ್ರ, ಕೊನೆ ಮಾತ್ರ ಗಟ್ಟಿ.

ಅದನ್ನೇ ಅಭ್ಯಾಸ ಮಾಡಿಸಬಹುದು. ಸೀನ್ ಶುರುವಾಗುವ ಮೊದಲೇ ಕೊನೆಯನ್ನು ಎಲ್ಲರಿಗೂ ಹೇಳಿಬಿಡಿ: "ಕೊನೆಗೆ ಅಣ್ಣ ಮನೆಯ ಬೀಗದ ಕೈ ತಮ್ಮನಿಗೆ ಕೊಟ್ಟು ಹೋಗುತ್ತಾನೆ." ಮೂರು ನಿಮಿಷದೊಳಗೆ ಅಲ್ಲಿಗೆ ಬರಬೇಕು. ಮುಂದೇನು ಎಂಬ ಹೆದರಿಕೆ ಹೋಗುವುದರಿಂದ ಹೊಸಬರು ಎದುರಿನವರ ಮಾತು ಕೇಳಿಸಿಕೊಳ್ಳುತ್ತಾರೆ. ಹಳಬರಿಗೆ ಇನ್ನೊಂದು ಕಟ್ಟು: ಬೀಗದ ಕೈಯ ಸುದ್ದಿ ಕೊನೆಯ ಅರ್ಧ ನಿಮಿಷದವರೆಗೆ ಎತ್ತುವಂತಿಲ್ಲ.

ಒಂದು ಎಚ್ಚರ. ತಾಳಮದ್ದಳೆಯಲ್ಲಿ ವಾದವೇ ರಸ, ಏಕೆಂದರೆ ಕಥೆಯನ್ನು ಪ್ರಸಂಗ ಹೊತ್ತಿರುತ್ತದೆ. ಇಂಪ್ರೊವ್‌ನಲ್ಲಿ ಕಥೆಯನ್ನೂ ಆ ಇಬ್ಬರೇ ಹೊರಬೇಕು. ಅಲ್ಲಿ ವಾದಕ್ಕಿಳಿದರೆ ಇಬ್ಬರೂ ಗೆಲ್ಲಲು ನೋಡುತ್ತಾರೆ, ಕಥೆ ನಿಂತಲ್ಲೇ ನಿಲ್ಲುತ್ತದೆ. ಮಾತು ಬಲ್ಲವರಲ್ಲಿ ಈ ದೋಷ ಹೆಚ್ಚು. ಅಂಥವರಿಗೆ, ಮೂರನೇ ಮಾತಿಗೆ ಸೋಲು ಒಪ್ಪಿಕೊಳ್ಳಬೇಕೆಂದು ವಿಧಿಸಿ.

ಖಾಲಿ_ಕುರ್ಚಿ

ಚೀಟಿ, ಕಾಗುಣಿತ ಎರಡೂ ಈ ಭಾನುವಾರವೇ. ಇನ್ನೆರಡು ಕೇಳ್ತೀನಿ. ಎದುರಿನವರ ಮಾತು ಒಪ್ಪಿ ಅದಕ್ಕೆ ಇನ್ನೊಂದು ಸೇರಿಸೋ "ಯೆಸ್, ಆಂಡ್" ಅನ್ನೋದನ್ನ "ಹೌದು, ಮತ್ತು" ಅಂತ ಹೇಳಿಕೊಟ್ಟರೆ ಯಾರ ಬಾಯಲ್ಲೂ ನಿಲ್ಲಲ್ಲ. ಮತ್ತೆ ಸೀನ್ ಆದ ಮೇಲೆ ಎಷ್ಟು ಮಾತಾಡಬೇಕು? ಹಳಬರೂ ಸಲಹೆ ಕೊಡೋಕೆ ನಿಂತ್ಕೊಳ್ತಾರೆ.

ಪಡಸಾಲೆ

ಆಡುಮಾತಿನಲ್ಲಿ ವಾಕ್ಯ ವಾಕ್ಯದ ಮಧ್ಯೆ 'ಮತ್ತು' ಯಾರು ಬಳಸ್ತಾರೆ ಹೇಳಿ? "ಹೌದು, ಅದಕ್ಕೇ" ಅಂತ ಕಲಿಸಿ. "ಮಳೆ ಬರೋ ಹಾಗಿದೆ." "ಹೌದು, ಅದಕ್ಕೇ ಹಪ್ಪಳ ಎಲ್ಲ ನಿನ್ನ ಹಾಸಿಗೆ ಮೇಲೆ ಹರಡಿದೀನಿ." 'ಅದಕ್ಕೇ' ಅಂದ ಮೇಲೆ ಹಿಂದಿನ ಮಾತು ಕೇಳಿಸ್ಕೊಂಡಿರಲೇಬೇಕು. ಕಿವಿಗೊಟ್ಟು ಕೇಳಬೇಕಾದ್ದು ಇನ್ನೆರಡು: "ಹೌದು, ಆದ್ರೆ" ಅಂದರೆ ನಿರಾಕರಣೆ. "ಹೌದಾ?" ಅಂದರೆ ಒಪ್ಪಿದ ಹಾಗೆ ಕಾಣುತ್ತೆ, ಆದರೆ ಭಾರ ವಾಪಸ್ ಎದುರಿನವರ ತಲೆಗೆ.

ಸೀನ್ ಮುಗಿದ ಮೇಲೆ ಒಂದೇ ಅಂಶ, ಅರ್ಧ ನಿಮಿಷ. ನಕ್ಕರೋ ಇಲ್ಲವೋ ಅನ್ನೋದರ ಬಗ್ಗೆ ಬೇಡ. ಯಾವ ಮಾತನ್ನ ಯಾರು ಎತ್ತಿಕೊಂಡರು, ಯಾವುದು ನೆಲಕ್ಕೆ ಬಿತ್ತು ಅನ್ನೋದಷ್ಟೇ. ಹಳಬರು ಹೊಸಬರಿಗೆ ಸಲಹೆ ಕೊಡೋದು ಪೂರ್ತಿ ಬಂದ್. ಮೂರು ಜನ ಮೂರು ಥರ ಹೇಳಿದರೆ ಹೊಸಬರು ಮುಂದಿನ ಸೀನಿನಲ್ಲಿ ಮೂರನ್ನೂ ನೆನಪಿಸ್ಕೊಳ್ತಾ ಕಂಬದ ಹಾಗೆ ನಿಲ್ತಾರೆ. ನಿಜವಾದ ತಿದ್ದುಪಡಿ ಸೀನ್ ನಡೀತಿರುವಾಗಲೇ ಆಗಬೇಕು. ಅಮೆರಿಕದ ರಂಗಶಿಕ್ಷಕಿ ವಯೋಲಾ ಸ್ಪೋಲಿನ್ ಸೈಡ್-ಕೋಚಿಂಗ್ ಅಂತ ರೂಢಿಗೆ ತಂದದ್ದು ಇದನ್ನೇ. ಪಕ್ಕದಿಂದ ಎರಡು ಮೂರು ಪದ: "ಹೆಸರು ಹಿಡಿದು ಕರಿ." "ಕೈಯಲ್ಲೇನಿದೆ ನೋಡು." "ಮೂರು ಎಣಿಸಿ ಮಾತಾಡು." "ಹೇಳ್ಬೇಡ, ಮಾಡು." ಆಟಗಾರರು ತಿರುಗಿ ನೋಡಬಾರದು, ಉತ್ತರಿಸಬಾರದು. ಒಂದು ಸೀನಿಗೆ ಮೂರಕ್ಕಿಂತ ಹೆಚ್ಚು ಕೂಗಿದರೆ ಅದು ನಿಮ್ಮ ಸೀನ್, ಅವರದಲ್ಲ.

ಬೆಲ್_ಹೊಡಿ

ಎರಡು ಸಣ್ಣ ವಿಷಯ. ಪ್ರೇಕ್ಷಕರ ಹತ್ತಿರ "ಒಂದು ಜಾಗ ಹೇಳಿ" ಅಂದರೆ ಬರೋದು ಬಸ್ ಸ್ಟ್ಯಾಂಡು, ಟಾಯ್ಲೆಟ್ಟು. "ಮದುವೆ ಮನೇಲಿ ಯಾವ ವಸ್ತು ಕಳೆದುಹೋದರೆ ಗಲಾಟೆ ಆಗುತ್ತೆ?" ಅಂತ ಕೇಳಿ. ಮತ್ತೆ, ಹೊಸಬರು ನಗು ಬೇಕು ಅಂದಾಗ ಧಾರವಾಡದ್ದೋ ಮಂಗಳೂರಿನದೋ ಮಾತಿಗೆ ಹಾರ್ತಾರೆ. ತಮ್ಮ ಮನೆ ಮಾತಾದರೆ ಸೊಗಸು, ಬೇರೆಯವರದಾದರೆ ಎರಡನೇ ವಾಕ್ಯಕ್ಕೇ ಅಣಕ. "ನಿಮ್ಮ ಅಜ್ಜಿ ಮಾತಾಡೋ ಹಾಗೆ ಆಡಿ" ಅಂದರೆ ಸಾಕು.

ಹಾಂ, ಕುರ್ಚಿ. ಟೈಲ್ಸ್ ನೆಲದ ಮೇಲೆ ಪ್ಲಾಸ್ಟಿಕ್ ಕುರ್ಚಿಯ ಕಾಲು ಅಗಲಕ್ಕೆ ಜಾರಿ ಸೀಳುತ್ತೆ, ಯಾರನ್ನೂ ಅದರ ಮೇಲೆ ಹತ್ತಿಸಬೇಡಿ. ಕೈ ಇಲ್ಲದ ಕಬ್ಬಿಣದ ಕುರ್ಚಿ ಎರಡು ಸಾಕು. ಸ್ಕೂಟರ್ ಆಗುತ್ತೆ, ಹಾಸಿಗೆ ಆಗುತ್ತೆ, ಗರ್ಭಗುಡಿಯೂ ಆಗುತ್ತೆ.