‘ಕೂಲ್ ಲೈಟ್’ ಅಂದರೆ ‘ತಂಪು ಬೆಳಕು’ ಆಗುತ್ತದೆಯೇ?

ಎಲ್ಲರಿಗೂ ನಮಸ್ಕಾರ.

ನಮ್ಮ ಬಡಾವಣೆಯ ಕನ್ನಡ ಸಂಘದಿಂದ ಒಂದು ಪುಟ್ಟ ಕೈಪಿಡಿ ತರುತ್ತಿದ್ದೇವೆ. ಮನೆಯಲ್ಲೇ ಕೂತು ಆಫೀಸ್ ಕೆಲಸ ಮಾಡುವವರು ಆ ಕೋಣೆಗೆ ಎಂಥ ಲೈಟ್ ಹಾಕಿಸಬೇಕು ಅನ್ನುವುದು ವಿಷಯ. ಬೆಂಗಳೂರಿನಲ್ಲಿ ಇದು ಬೇಕಾದದ್ದೇ. 30x40 ಅಡಿ ಸೈಟುಗಳಲ್ಲಿ ಒತ್ತೊತ್ತಾಗಿ ಕಟ್ಟಿದ ಎಷ್ಟೋ ಮನೆಗಳಲ್ಲಿ ಮಟಮಟ ಮಧ್ಯಾಹ್ನವೂ ಟ್ಯೂಬ್‌ಲೈಟ್ ಹಾಕಿಕೊಂಡೇ ಇರಬೇಕು. ಬರೆಯುವಾಗ ಕೆಲವು ಪದಗಳ ಹತ್ತಿರ ಬಂದು ನಿಂತಿದ್ದೇನೆ.

ಮುಖ್ಯವಾದದ್ದು ‘ವಾರ್ಮ್’ ಮತ್ತು ‘ಕೂಲ್’. ಬಲ್ಬಿನ ಡಬ್ಬಿಯ ಮೇಲೆ 2700 ಅಥವಾ 3000 ಕೆ ಅಂತಿದ್ದರೆ ವಾರ್ಮ್ ವೈಟ್, 4000 ಇದ್ದರೆ ನ್ಯಾಚುರಲ್ ವೈಟ್, 6500 ಇದ್ದರೆ ಕೂಲ್ ಡೇಲೈಟ್. ಕರಡಿನಲ್ಲಿ ಇವು ‘ಬೆಚ್ಚನೆ ಬೆಳಕು’, ‘ತಂಪು ಬೆಳಕು’ ಆಗಿವೆ. ಓದಲು ಚೆನ್ನಾಗಿದೆ. ಆದರೆ ‘ತಂಪು ಬೆಳಕು’ ನನಗೆ ಒಪ್ಪಿಗೆಯಿಲ್ಲ. ನಾವು ‘ಕಣ್ಣಿಗೆ ತಂಪು’ ಅನ್ನುವುದು ಹಿತವಾದದ್ದಕ್ಕೆ. ಹಸಿರು ಗದ್ದೆ ಕಣ್ಣಿಗೆ ತಂಪು, ಬೆಳದಿಂಗಳು ತಂಪು. ರಾತ್ರಿ ಹತ್ತರವರೆಗೆ ಲ್ಯಾಪ್‌ಟಾಪ್ ಮುಂದೆ ಕೂತು ಕಣ್ಣುರಿ ಬಂದವರು ನಮ್ಮ ಕೈಪಿಡಿ ನೋಡಿ, ‘ತಂಪಿನದೇ ಇರಲಿ’ ಎಂದು 6500ರ ಬಲ್ಬ್ ತಂದರೆ? ಅದರಲ್ಲಿ ನೀಲಿ ಅಂಶ ಜಾಸ್ತಿ. ಮಲಗುವ ಹೊತ್ತು ಹತ್ತಿರವಾದಾಗ ಅಂಥ ಬೆಳಕು ನಿದ್ದೆಯನ್ನು ಮುಂದೆ ತಳ್ಳುತ್ತದೆ. ಕೆಲಸ ಸಂಜೆ ಮೇಲೂ ನಡೆಯುವ ಮನೆಗೆ ಹಳದಿ ಕಡೆಯ ಬೆಳಕೇ ವಾಸಿ. ನಮ್ಮ ಪದವೇ ಓದುಗರನ್ನು ದಾರಿ ತಪ್ಪಿಸಿದ ಹಾಗಾಗುತ್ತದೆ, ಅಲ್ವಾ?

ಆ ‘ಕೆ’ ಅಂದರೆ ಕೆಲ್ವಿನ್, ಉಷ್ಣತೆಯ ಅಳತೆ. ಬಲ್ಬ್ ಅಷ್ಟು ಬಿಸಿಯಾಗುತ್ತದೆ ಅಂತಲ್ಲ, ಅದರ ಬೆಳಕಿನ ಬಣ್ಣ ಅಷ್ಟು ಕಾದ ವಸ್ತುವಿನ ಬಣ್ಣದ ಹಾಗಿದೆ ಅಂತ. ಕಬ್ಬಿಣ ಕಾಯುತ್ತಾ ಹೋದಂತೆ ಮೊದಲು ಕೆಂಪಗಾಗಿ, ಹಳದಿಗೆ ತಿರುಗಿ, ಆಮೇಲೆ ಬೆಳ್ಳಗಾಗುತ್ತದೆ. ಅಂದರೆ ಲೆಕ್ಕದಲ್ಲಿ ಜಾಸ್ತಿ ಬಿಸಿಯಾದದ್ದಕ್ಕೇ ಹೆಸರಿನಲ್ಲಿ ‘ಕೂಲ್’ ಅನ್ನುತ್ತಾರೆ! ಈ ಗೋಜಲನ್ನು ನಾವು ಯಾಕೆ ಕನ್ನಡಕ್ಕೂ ತರಬೇಕು? ಚಿಕ್ಕಪೇಟೆಯ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕೇಳುವುದು ‘ಹಳದಿ ಲೈಟಾ, ಬಿಳಿ ಲೈಟಾ?’ ಅಂತ. ನನಗೆ ಅದೇ ಸರಿ ಅನ್ನಿಸುತ್ತದೆ. ಹಳದಿ ಬೆಳಕು, ಬಿಳಿ ಬೆಳಕು. ನಡುವಿನ 4000ಕ್ಕೆ ‘ನಸುಹಳದಿ’ ನಡೆಯುತ್ತದೆಯೇ? ಹಗಲು ಹೊತ್ತು ಮೇಜಿನ ಕೆಲಸಕ್ಕೆ ಅದು ಚೆನ್ನಾಗಿ ಹೊಂದುವುದರಿಂದ ಅದಕ್ಕೊಂದು ಒಳ್ಳೆಯ ಹೆಸರು ಬೇಕೇ ಬೇಕು.

ಇನ್ನು ‘ಗ್ಲೇರ್’. ಲೈಟು ಕಣ್ಣಿಗೆ ಹೊಡೆಯುತ್ತದೆ, ಕಣ್ಣು ಕುಕ್ಕುತ್ತದೆ, ಕೋರೈಸುತ್ತದೆ. ಕ್ರಿಯಾಪದಗಳಿಗೆ ಬರವಿಲ್ಲ. ಶೀರ್ಷಿಕೆಗೆ ಬೇಕಾದ ನಾಮಪದಕ್ಕೆ ಮಾತ್ರ ಬರ. ಒಬ್ಬರು ‘ಪ್ರಖರತೆ’ ಸಾಕು ಅಂದರು. ಅದು ಬೆಳಕು ಎಷ್ಟು ಜೋರಾಗಿದೆ ಅನ್ನುವುದನ್ನಷ್ಟೇ ಹೇಳುತ್ತದೆ. ಮಬ್ಬು ಕೋಣೆಯಲ್ಲೂ ಶೇಡ್ ಇಲ್ಲದ ಬಲ್ಬ್ ಕಣ್ಣಿನ ನೇರಕ್ಕಿದ್ದರೆ ಕುಕ್ಕುತ್ತದೆ. ಬೆನ್ನ ಹಿಂದೆ ಕಿಟಕಿ ಇದ್ದರೆ ಅದರ ಬಿಂಬ ಸ್ಕ್ರೀನಿನ ಮೇಲೆ ಬಿದ್ದು ಅಕ್ಷರ ಕಾಣುವುದಿಲ್ಲ. ಕಿಟಕಿ ಪಕ್ಕಕ್ಕೆ ಬರುವ ಹಾಗೆ ಮೇಜು ತಿರುಗಿಸಿದರೆ ಕಷ್ಟ ಅರ್ಧ ಕಡಿಮೆ. ಈ ಎರಡನ್ನೂ ‘ಗ್ಲೇರ್’ ಅಂದುಬಿಡುತ್ತಾರೆ. ನಾನು ಬೇರೆ ಬೇರೆಯಾಗಿ ‘ಕಣ್ಣಿಗೆ ಹೊಡೆಯುವ ಬೆಳಕು’, ‘ಸ್ಕ್ರೀನಿನ ಮೇಲಿನ ಬಿಂಬ’ ಎಂದು ಬರೆದಿದ್ದೇನೆ. ‘ಕಣ್ಕುಕ್ಕು’ ಅಂತ ಒಂದು ಹೊಸ ಪದದ ಸಲಹೆಯೂ ಬಂದಿದೆ. ಕೇಳಲು ಹಿತವಾಗಿದೆ, ಆದರೆ ಮೊದಲ ಸಲ ಓದುವವರಿಗೆ ತಿಳಿಯುತ್ತದೆಯೇ?

ಲ್ಯೂಮೆನ್, ಲಕ್ಸ್ ಹಾಗೇ ಇರಲಿ. ಬಲ್ಬ್ ಕೊಡುವ ಒಟ್ಟು ಬೆಳಕು ಲ್ಯೂಮೆನ್, ಮೇಜಿನ ಮೇಲೆ ಬೀಳುವುದು ಲಕ್ಸ್ ಎಂದು ಬಿಡಿಸಿ ಹೇಳಿದರೆ ಸಾಕು. ನಮ್ಮ ಹಿರಿಯರು ‘ಅರವತ್ತು ಕ್ಯಾಂಡ್ಲು ಬಲ್ಬು’, ‘ಜೀರೋ ಕ್ಯಾಂಡ್ಲು’ ಅನ್ನುತ್ತಿದ್ದರಲ್ಲ, ಆ ಮಾತು ನನಗೆ ತುಂಬಾ ಇಷ್ಟ. ಅಂಕಿ ವ್ಯಾಟಿನದೇ ಆಗಿದ್ದರೂ ಕ್ಯಾಂಡಲ್ ಬೆಳಕಿನ ಅಳತೆ. ವ್ಯಾಟ್ ಅಂದರೆ ಬಲ್ಬ್ ಉಣ್ಣುವ ಕರೆಂಟಿನ ಲೆಕ್ಕ ಅಷ್ಟೇ. ಹಳೆಯ 60 ವ್ಯಾಟ್ ಬಲ್ಬಿನಷ್ಟು ಬೆಳಕನ್ನು ಈಗ 9 ವ್ಯಾಟಿನ ಎಲ್ಇಡಿ ಕೊಡುತ್ತದೆ. ಹಾಗಾಗಿ ವ್ಯಾಟ್ ಕೇಳಿ ಬಲ್ಬ್ ಕೊಳ್ಳುವ ಅಭ್ಯಾಸ ಬಿಡಿಸಲು ಈ ಹಳೆಯ ಮಾತನ್ನು ಕೈಪಿಡಿಯಲ್ಲಿ ನೆನಪಿಸುವ ಆಸೆಯಿದೆ.

ಹುಬ್ಬಳ್ಳಿ, ಕಲಬುರಗಿ, ಮಂಗಳೂರು ಕಡೆಯವರು ಇದ್ದರೆ ದಯವಿಟ್ಟು ತಿಳಿಸಿ. ಹಳದಿ ಲೈಟಿಗೆ, ಕಣ್ಣಿಗೆ ಹೊಡೆಯುವ ಲೈಟಿಗೆ ನಿಮ್ಮ ಮನೆಗಳಲ್ಲಿ ಏನಂತಾರೆ?