ಸಹಾಯ ಬೇಕು: ಕ್ಯಾರವಾನ್ ಟ್ರೇಲರಿನಲ್ಲಿ ನಮ್ಮ ಮೊದಲ ಮಳೆಗಾಲ

ಎಲ್ಲರಿಗೂ ನಮಸ್ಕಾರ. ಉಡುಪಿಯ ಬಾಡಿಗೆ ಮನೆಯನ್ನು ಬಿಟ್ಟು, ಕಾರಿನ ಹಿಂದೆ ಎಳೆದೊಯ್ಯುವ ಹಳೆಯ ಕ್ಯಾರವಾನ್ ಟ್ರೇಲರಿನಲ್ಲಿ ಸಂಸಾರ ಹೂಡಲು ನಾನೂ ನನ್ನ ಪತ್ನಿಯೂ ನಿರ್ಧರಿಸಿದ್ದೇವೆ. ಸದ್ಯ ಅದು ಮಲ್ಪೆಯ ಬಳಿ ಭಾವನವರ ತೋಟದಲ್ಲಿ ನಿಂತಿದೆ. (ತೆಂಗಿನಕಾಯಿ ಬೀಳದ ಜಾಗವನ್ನು ಹುಡುಕಲು ಅರ್ಧ ದಿನವೇ ಬೇಕಾಯಿತು.)

ನಮ್ಮ ಮುಖ್ಯ ಚಿಂತೆ ತೇವದ್ದು. ಕಡಲ ಗಾಳಿಗೆ ಎರಡೇ ತಿಂಗಳಲ್ಲಿ ಬಾಗಿಲಿನ ಬಿಜಾಗರಿಯ ಸ್ಕ್ರೂಗಳು ತುಕ್ಕು ಹಿಡಿದಿವೆ. ಮೊನ್ನೆಯ ಮಳೆಯ ನಂತರ ಹಾಸಿಗೆಯನ್ನು ಎತ್ತಿ ನೋಡಿದರೆ, ಕೆಳಗಿನ ಪ್ಲೈವುಡ್ಡಿನ ಮೇಲೆ ಅಂಗೈಯಗಲದ ಬೂಷ್ಟು ಹಬ್ಬಿತ್ತು. ಇಬ್ಬರ ಉಸಿರಿನ ಆವಿಯೂ ಕುಚ್ಚಲಕ್ಕಿ ಬೇಯುವ ಹಬೆಯೂ ತಣ್ಣನೆಯ ಅಲ್ಯೂಮಿನಿಯಂ ಗೋಡೆಗೆ ತಾಗಿ ನೀರಾಗುತ್ತದೆ ಎಂಬುದು ಅರ್ಥವಾಗಿದೆ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಕಿಟಕಿ ತೆರೆಯಲಾಗದ ದಿನಗಳಲ್ಲಿ, ಗಾಳಿಯಾಡುವಂತೆ ಮಾಡುವುದು ಹೇಗೆ? ಹಾಸಿಗೆಯ ಹಲಗೆಗೆ ರಂಧ್ರಗಳನ್ನು ಕೊರೆಯಬೇಕೆ, ಅಥವಾ ಮರದ ಪಟ್ಟಿಗಳನ್ನಿಟ್ಟು ಎತ್ತರಿಸಿದರೆ ಸಾಕೆ? ಚಾವಣಿಗೆ ಎಕ್ಸಾಸ್ಟ್ ಫ್ಯಾನ್ ಕೂರಿಸೋಣವೆಂದರೆ, ಕೊರೆದ ಜಾಗದಲ್ಲೇ ಸೋರಬಹುದೆಂಬ ಭಯ ನನ್ನದು. ಪತ್ನಿಗೆ ಆ ಭಯವಿಲ್ಲ. ಫ್ಯಾನ್ ಓಡಿಸಲು ವಿದ್ಯುತ್ತಿನ ಚಿಂತೆಯೂ ಇದೆ: 12 ವೋಲ್ಟಿನ 100 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಹೆಚ್ಚೆಂದರೆ 1,200 ವಾಟ್-ಅವರ್ ಸಿಗುತ್ತದೆ. ಮೋಡದ ದಿನಗಳಲ್ಲಿ ಸೋಲಾರನ್ನು ನಂಬುವಂತಿಲ್ಲ.

ಮಳೆ ಮುಗಿದ ಮೇಲೆ ಘಟ್ಟ ಹತ್ತುವ ಆಸೆಯಿದೆ. ಆಗುಂಬೆಯ ಹಿಮ್ಮುರಿ ತಿರುವುಗಳಲ್ಲಿ ಟ್ರೇಲರ್ ಎಳೆಯುವ ಧೈರ್ಯ ನಮಗಿಲ್ಲ. ಶಿರಾಡಿ ಘಾಟಿಯಲ್ಲಿ ಎಳೆದೊಯ್ದವರಿದ್ದರೆ, 100 ಲೀಟರಿನ ನೀರಿನ ಟ್ಯಾಂಕನ್ನು, ಅಂದರೆ 100 ಕಿಲೋ ಭಾರವನ್ನು, ಖಾಲಿ ಮಾಡಿಯೇ ಹತ್ತಬೇಕೆ ಎಂಬುದನ್ನು ದಯವಿಟ್ಟು ತಿಳಿಸಿ. ಉಡುಪಿ ಅಥವಾ ಮಂಗಳೂರಿನಲ್ಲಿ ಟ್ರೇಲರಿನ ಬ್ರೇಕ್ ಕೆಲಸ ಬಲ್ಲ ಮೆಕ್ಯಾನಿಕರು ಗೊತ್ತಿದ್ದರೂ ಹೇಳಿ.